ಮದುವೆ ಕಾರ್ಡಿಗೆ ದುಬಾರಿ ಪೇಪರ್ ಆರಿಸುತ್ತಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ

ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ದುಡ್ಡು ವಾಪಸ್ ಕೇಳುತ್ತಿದ್ದೇನೆ, ಅದಿನ್ನೂ ಮುಗಿದಿಲ್ಲ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿಗಳು ಸಾಲಾಗಿವೆ, ಅದರಲ್ಲಿ ಒಂದು. ಒಳ್ಳೆಯವರೂ ಅಲ್ಲಿದ್ದಾರೆ. ನನಗೆ ಸಿಕ್ಕವರು ಮಾತ್ರ ಅಂಥವರಲ್ಲ.

ತಂಗಿಯ ಮದುವೆ. ಕಾರ್ಡ್ ನಾನೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದೆ. ನಾನು ಡಿಸೈನರ್, ಆದರೆ ಹತ್ತು ವರ್ಷದಿಂದ ಮಾಡುತ್ತಿರುವುದೆಲ್ಲ ಮೊಬೈಲ್ ಆ್ಯಪ್ ಕೆಲಸ, ಪರದೆಯ ಮೇಲಿನದು. ಅದಕ್ಕೇ ಇದೊಂದು ಕೈಯಲ್ಲಿ ಹಿಡಿಯುವಂತಿರಬೇಕು ಅಂತ ಆಸೆ. ರಾತ್ರಿ ಕೂತು ತೋರಣ ಬರೆದೆ, ಗಣಪತಿ ಬರೆದೆ, ಅಕ್ಷರಗಳನ್ನು ಕೈಯಲ್ಲೇ ಬರೆದೆ. ಎರಡು ತಿಂಗಳು.

ಅಂಗಡಿಯಲ್ಲಿ ಸ್ಯಾಂಪಲ್ ಪುಸ್ತಕ ತೆಗೆದಿಟ್ಟರು. ಆ ಪುಸ್ತಕ ಈಗಲೂ ಕಣ್ಣ ಮುಂದಿದೆ. ಹತ್ತಿಯ ನಾರಿನಿಂದ ಮಾಡಿದ ಕಾಟನ್ ಪೇಪರ್, 300 ಜಿಎಸ್‌ಎಂ (ಕಾಗದದ ತೂಕದ ಅಳತೆ), ಕೆನೆ ಬಣ್ಣ, ಮುಟ್ಟಿದರೆ ಒಗೆದ ಪಂಚೆಯ ಹಾಗೆ ತುಸು ಒರಟು. ಅದರ ಮೇಲೆ ಬಿಸಿ ಅಚ್ಚಿನಲ್ಲಿ ಒತ್ತಿದ ಫಾಯಿಲ್, ಅಂದರೆ ಚಿನ್ನದ ಬಣ್ಣದ ತೆಳು ಹಾಳೆ. ಬೆರಳಾಡಿಸಿದರೆ ಅಕ್ಷರ ಒಳಗೆ ಇಳಿದಿರುವುದು ಗೊತ್ತಾಗುತ್ತಿತ್ತು. ಇದೇ ಬೇಕು ಅಂದೆ. ‘ಇದೇ ಕೊಡೋದು ಮೇಡಂ’ ಅಂದರು. ಆ ಸ್ಯಾಂಪಲ್‌ನ ಒಂದು ತುಂಡು ಹರಿದು ನನ್ನ ಕೈಗೇ ಕೊಟ್ಟರು. ಅಷ್ಟು ಧೈರ್ಯವಾಗಿ ಕೊಟ್ಟರಲ್ಲ, ಅದಕ್ಕೇ ನಂಬಿದೆ.

500 ಕಾರ್ಡ್, ಒಂದಕ್ಕೆ 85 ರೂಪಾಯಿ. ಫಾಯಿಲ್ ಒತ್ತಲು ಲೋಹದ ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ 3,500. ಒಟ್ಟು 46,000. ಅಡ್ವಾನ್ಸ್ 25,000 ಕಳಿಸಿದೆ. ಕೊಟ್ಟ ಚೀಟಿಯಲ್ಲಿ ಏನಿತ್ತು ಗೊತ್ತಾ? ‘ಕಾರ್ಡ್ 500 ಪೀಸ್, ಗೋಲ್ಡ್’. ಇಷ್ಟೇ. ಪೇಪರಿನ ಹೆಸರಿಲ್ಲ, ಜಿಎಸ್‌ಎಂ ಇಲ್ಲ, ಫಾಯಿಲ್ ಯಾವ ತರಹದ್ದು ಅಂತಿಲ್ಲ. ಬಿಲ್ ಆಮೇಲೆ ಕೊಡ್ತೀವಿ ಅಂದರು. ನಾನು ತಲೆ ಆಡಿಸಿ ಬಂದೆ.

ವಾರದ ನಂತರ ವಾಟ್ಸಾಪ್‌ನಲ್ಲಿ ಪ್ರೂಫ್ ಫೋಟೋ ಬಂತು. ಕೆನೆ ಬಣ್ಣ, ಚಿನ್ನದ ಅಕ್ಷರ, ತೋರಣ. ಆಫೀಸಿನ ಮೀಟಿಂಗ್ ನಡುವೆ ನೋಡಿ ‘ಓಕೆ’ ಅಂತ ಕಳಿಸಿದೆ. ಆ ಎರಡಕ್ಷರ ನೆನಪಿಟ್ಟುಕೊಳ್ಳಿ.

ಬಂಡಲ್ ಬಂದಿದ್ದು ಐದು ಪೊಟ್ಟಣ, ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಸೀಲ್ ಮಾಡಿದ್ದು. ತಂದ ಹುಡುಗ ಬಾಗಿಲಲ್ಲೇ ನಿಂತಿದ್ದ, ಉಳಿದ 21,000 ಹಾಕಿದೆ. ಒಂದೇ ಒಂದು ಪೊಟ್ಟಣ ಒಡೆದು ನೋಡಬಾರದಿತ್ತಾ! ನೋಡಲಿಲ್ಲ. ಮರುದಿನ ಭದ್ರಾವತಿಗೆ ತೆಗೆದುಕೊಂಡು ಹೋಗಿ ದೇವರ ಮುಂದೆ ಇಟ್ಟ ಮೇಲೇ ತೆರೆಯೋಣ ಅಂತ ಮನಸ್ಸಿನಲ್ಲಿತ್ತು.

ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ. ಅಜ್ಜಿ ಅರಿಶಿನ ಕಲಸಿ ನಾಲ್ಕು ಮೂಲೆಗೆ ಹಚ್ಚಿದರು. ಅರಿಶಿನ ನಿಲ್ಲಲಿಲ್ಲ. ಮತ್ತೆ ಹಚ್ಚಿದರು, ಜಾರಿ ಒಂದು ಕಡೆ ಗುಡ್ಡೆಯಾಯಿತು. ಸೆರಗಿನ ತುದಿಯಲ್ಲಿ ಒರೆಸಿದರೆ ಪೂರ್ತಿ ಹೋಯಿತು, ಕಲೆಯೂ ಉಳಿಯಲಿಲ್ಲ. ‘ಇದೇನೇ ಇದು, ಅರಿಶಿನ ಹಿಡೀತಾನೇ ಇಲ್ವಲ್ಲೇ, ಪ್ಲಾಸ್ಟಿಕ್ಕಾ?’ ಅಂದರು. ಮನೆ ತುಂಬ ನೆಂಟರು. ಚಿಕ್ಕಮ್ಮ, ಅತ್ತೆ, ಎಲ್ಲರೂ ನನ್ನ ಮುಖ ನೋಡಿದರು. ಎರಡು ತಿಂಗಳಿಂದ ಪೇಪರ್ ಪೇಪರ್ ಅಂತ ಅವರ ಕಿವಿ ತೂತು ಮಾಡಿದ್ದೆ ನಾನು.

ಹತ್ತಿಯ ಪೇಪರ್ ಅರಿಶಿನವನ್ನು ಹೀರಬೇಕು. ಹೀರಿ ಹಳದಿಯಾಗಿ ನಿಲ್ಲಬೇಕು. ಇದು ಹೀರಲಿಲ್ಲ ಅಂದರೆ ಮೇಲೆ ಪ್ಲಾಸ್ಟಿಕ್ ಫಿಲ್ಮ್ ಇದೆ ಅಂತ. ನನಗೆ ಆ ಕ್ಷಣದಲ್ಲಿ ಹೊಳೆಯಿತು, ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಅಪ್ಪ ಏನೂ ಮಾತಾಡದೆ ಒಂದು ಕಾರ್ಡ್ ತೆಗೆದುಕೊಂಡರು. ಅಪ್ಪ ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿ ದುಡಿದವರು, 1936ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ನಮ್ಮೂರಿನ ಎಂಪಿಎಂ, ಮೈಸೂರು ಪೇಪರ್ ಮಿಲ್ಸ್. ಮಿಲ್ಲು ನಿಂತರೂ ಅಪ್ಪನ ಬೆರಳಿಗೆ ಕಾಗದ ಮರೆತಿಲ್ಲ. ಮಡಚುವ ಗೆರೆ ನನಗೆ ತೋರಿಸಿದರು. ಅಲ್ಲಿ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತಿತ್ತು. ‘ಪುಟ್ಟಿ, ಕೆನೆ ಬಣ್ಣದ ಕಾಗದ ಒಳಗೂ ಕೆನೆ ಬಣ್ಣಾನೇ ಇರುತ್ತೆ. ಇದು ಬಿಳಿ ಬೋರ್ಡು, ಮೇಲೆ ಕೆನೆ ಬಣ್ಣ ಪ್ರಿಂಟ್ ಮಾಡಿದಾರೆ.’ ಆಮೇಲೆ ಮೂಲೆಯಿಂದ ಹರಿದರು. ಕಾಗದ ಹರಿಯಿತು, ಮೇಲಿನ ಪೊರೆ ಮಾತ್ರ ಹರಿಯದೆ ಎಳೆದುಕೊಂಡು ಬಂತು. ಸ್ಯಾಂಪಲ್‌ನಲ್ಲಿ ನಾನು ಮುಟ್ಟಿ ಖುಷಿಪಟ್ಟಿದ್ದ ಆ ಒರಟುತನ ಇತ್ತಲ್ಲ, ಇಲ್ಲಿ ಅದರ ಬದಲು ಇದ್ದಿದ್ದು ಆ ಪೊರೆಯಲ್ಲಿ ಒತ್ತಿದ ಬಟ್ಟೆ ನೇಯ್ಗೆಯ ಗೆರೆ. ಅಂಥ ಲ್ಯಾಮಿನೇಷನ್ ಫಿಲ್ಮ್ ಸಿಗುತ್ತದಂತೆ. ಕಾಗದದ್ದಲ್ಲ, ಪ್ಲಾಸ್ಟಿಕ್‌ನದು.

ಪಕ್ಕದ ಬೀದಿಯ ಚಿನ್ನದಂಗಡಿಯಲ್ಲಿ ತೂಕ ಹಾಕಿಸಿದೆವು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಬಿಚ್ಚಿದರೆ ನಮ್ಮ ಕಾರ್ಡ್ 10 ಇಂಚು, 7 ಇಂಚು. 300 ಜಿಎಸ್‌ಎಂ ಆಗಿದ್ದರೆ ಒಂದು ಕಾರ್ಡ್ ಸುಮಾರು 13.5 ಗ್ರಾಂ ತೂಗಬೇಕು. ತೂಗಿದ್ದು 10.2. ಅಂದರೆ ಆ ಪ್ಲಾಸ್ಟಿಕ್, ಅಂಟು ಎಲ್ಲ ಸೇರಿ 226ರ ಹತ್ತಿರ. ಹತ್ತು ಕಾರ್ಡ್ ತೂಗಿಸಿದೆ, ಎಲ್ಲವೂ ಅಷ್ಟೇ.

ಅಲ್ಲಿಂದಲೇ ಕಾರ್ಡಿನ ಅಂಗಡಿಗೆ ಫೋನ್ ಮಾಡಿದೆ. ಈ ಮಾತುಗಳನ್ನು ಹಾಗೇ ಬರೆಯುತ್ತೇನೆ, ಒಂದನ್ನೂ ಮರೆತಿಲ್ಲ.

‘ಮೇಡಂ, ಸ್ಯಾಂಪಲ್ ಅಂದ್ರೆ ಲುಕ್ ತೋರಿಸೋಕೆ ಅಷ್ಟೇ.’

ಇದೇ ಕೊಡ್ತೀವಿ ಅಂದಿರಲ್ಲ ಸರ್, ತುಂಡು ನನ್ನ ಹತ್ತಿರ ಇದೆ ಅಂದೆ.

‘ಆ ಸ್ಟಾಕ್ ಬಂದಿರಲಿಲ್ಲ, ಅದೇ ತರಹದ್ದು ಹಾಕಿದ್ದೀವಿ. ಆ ಪೇಪರ್ ಮೇಲೆ ಕಲರ್ ಸಪ್ಪೆ ಬರುತ್ತೆ ಮೇಡಂ, ನಿಮ್ಮ ಒಳ್ಳೇದಕ್ಕೇ ಮಾಡಿದ್ದು.’

ಸಪ್ಪೆ ಬರುವುದು ನಿಜ. ಕೋಟಿಂಗ್ ಇಲ್ಲದ ಕಾಗದ ಇಂಕನ್ನು ಕುಡಿಯುತ್ತದೆ, ಪರದೆಯ ಮೇಲೆ ಕಂಡ ಕುಂಕುಮದ ಕೆಂಪು ಅಷ್ಟು ಉರಿಯುವುದಿಲ್ಲ. ಅದು ಗೊತ್ತಿದ್ದೇ ನಾನು ಬಣ್ಣ ಕಡಿಮೆ ಇಟ್ಟು, ಅಚ್ಚಿನ ಮೇಲೆ, ಚಿನ್ನದ ಮೇಲೆ ಭಾರ ಹಾಕಿ ಡಿಸೈನ್ ಮಾಡಿದ್ದು. ಸ್ಟಾಕ್ ಇಲ್ಲದಿದ್ದರೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. 85 ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ.

‘ಪ್ರೂಫ್ ಕಳಿಸಿದ್ವಿ, ನೀವೇ ಓಕೆ ಅಂದಿದ್ದೀರಿ ಅಲ್ವಾ? ಸ್ಕ್ರೀನ್‌ಶಾಟ್ ಕಳಿಸಲಾ?’

ಕಳಿಸಿಯೂ ಬಿಟ್ಟರು. ನನ್ನದೇ ಓಕೆ, ನನ್ನದೇ ಹೆಸರು. ಫೋಟೋದಲ್ಲಿ ಅಕ್ಷರ ತಪ್ಪಿದೆಯಾ ನೋಡಬಹುದು, ಕಾಗದ ನೋಡಲು ಆಗುತ್ತದಾ? ಆ ಓಕೆ ಕಾಗದಕ್ಕಲ್ಲ ಅಂತ ಮೂರು ಸಲ ಹೇಳಿದೆ. ಮೂರು ಸಲವೂ ಅದೇ ಸ್ಕ್ರೀನ್‌ಶಾಟ್.

ಕೊನೆಗೆ ಹೇಳಿದ್ದು ನನ್ನ ನಿದ್ದೆ ಕೆಡಿಸಿದೆ: ‘ಯಾರು ಮೇಡಂ ಮದುವೆ ಕಾರ್ಡ್ ತೂಕ ಹಾಕಿ ನೋಡ್ತಾರೆ? ಓದಿ ಮೂಲೆಗೆ ಇಡ್ತಾರೆ. ಊಟ ಚೆನ್ನಾಗಿ ಹಾಕಿಸಿ, ಅದು ನೆನಪಿರುತ್ತೆ.’

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ. ಫಾಯಿಲ್ ನೋಡಿ. ಬಿಸಿ ಬ್ಲಾಕ್‌ನಿಂದ ಒತ್ತಿದರೆ ಕಾಗದ ತಗ್ಗಬೇಕು, ಮುಟ್ಟಿದರೆ ತಿಳಿಯಬೇಕು. ನಮ್ಮ ಕಾರ್ಡಿನಲ್ಲಿ ಎಲ್ಲಿಯೂ ತಗ್ಗಿಲ್ಲ. ಗಣಪತಿಯ ಹೊಟ್ಟೆಯ ಮೇಲೆ ಉಗುರು ತಾಗಿದರೆ ಚಿನ್ನ ಪುಡಿಪುಡಿ ಉದುರುತ್ತದೆ. ಇದು ಟೋನರ್, ಅಂದರೆ ಪ್ರಿಂಟರಿನ ಪುಡಿ ಶಾಯಿ, ಅದರ ಮೇಲೆ ಅಂಟಿಸುವ ಡಿಜಿಟಲ್ ಫಾಯಿಲ್ ಅಂತ ಇನ್ನೊಂದು ಪ್ರೆಸ್ಸಿನವರು ನೋಡಿದ ಕೂಡಲೇ ಹೇಳಿದರು. ಅದಕ್ಕೆ ಬ್ಲಾಕೇ ಬೇಡ. ಬ್ಲಾಕೇ ಬೇಡ! ಹಾಗಾದರೆ ನಾನು 3,500 ಕೊಟ್ಟಿದ್ದು ಯಾವುದಕ್ಕೆ?

ಮದುವೆಗೆ ಇಪ್ಪತ್ತೊಂದು ದಿನ ಇತ್ತು. ಮತ್ತೆ ಅಚ್ಚು ಹಾಕಿಸಲು ಸಮಯವಿಲ್ಲ, ದುಡ್ಡೂ ಇಲ್ಲ. ಅದೇ ಕಾರ್ಡ್ ಹಂಚಿದೆವು. ಅಜ್ಜಿ ಅರಿಶಿನವನ್ನು ಕವರಿನ ಮೂಲೆಗೆ ಹಚ್ಚಿಕೊಟ್ಟರು. ತಂಗಿ ‘ಬಿಡಕ್ಕಾ, ಚೆನ್ನಾಗೇ ಇದೆ’ ಅಂದಳು. ಅವಳು ಹಾಗಂದಿದ್ದೇ ಹೆಚ್ಚು ನೋವಾಯಿತು.

ನೀವು ಮಾಡಿಸುವುದಿದ್ದರೆ ಪೇಪರಿನ ಹೆಸರು, ಜಿಎಸ್‌ಎಂ, ಫಾಯಿಲ್ ಬಿಸಿ ಅಚ್ಚಿನದೋ ಡಿಜಿಟಲ್ಲೋ, ಲ್ಯಾಮಿನೇಷನ್ ಇದೆಯೋ ಇಲ್ಲವೋ, ಎಲ್ಲ ಚೀಟಿಯಲ್ಲಿ ಬರೆಸಿ. ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಪ್ರೂಫ್ ಅದೇ ಕಾಗದದ ಮೇಲೆ ಕೈಗೆ ಬರಬೇಕು, ಫೋಟೋಗೆ ಓಕೆ ಹೇಳಲೇಬೇಡಿ. ಪೊಟ್ಟಣ ಒಡೆದು, ಒಂದು ಕಾರ್ಡ್ ಹರಿದು, ಒಂದು ಹನಿ ನೀರು ಹಾಕಿ ನೋಡಿ, ಆಮೇಲೆ ದುಡ್ಡು. ಬ್ಲಾಕಿಗೆ ದುಡ್ಡು ಕೊಟ್ಟರೆ ಆ ಬ್ಲಾಕ್ ಕೇಳಿ ಮನೆಗೆ ತನ್ನಿ. ಬಿಲ್ ಮೊದಲೇ ತೆಗೆದುಕೊಳ್ಳಿ. 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಡಲು ಕೂತಾಗ ನನ್ನ ಕೈಯಲ್ಲಿದ್ದಿದ್ದು ‘ಗೋಲ್ಡ್’ ಅಂತ ಬರೆದ ಆ ಚೀಟಿ ಮತ್ತು ದುಡ್ಡು ಕಳಿಸಿದ ಮೆಸೇಜು, ಎರಡೇ.

ಅಂಗಡಿಯವರು 2,000 ವಾಪಸ್ ಕೊಡುತ್ತೇವೆ ಅಂದಿದ್ದಾರೆ. ಬೇಡ ಅಂದೆ. ಕಾಗದದ ವ್ಯತ್ಯಾಸ ಆಮೇಲೆ ಮಾತಾಡೋಣ, ಮೊದಲು ನಾನು ದುಡ್ಡು ಕೊಟ್ಟ ಬ್ಲಾಕ್ ಕೊಡಿ, ಅದರ ಫೋಟೋ ಆದರೂ ಕಳಿಸಿ ಅಂತ ಮೆಸೇಜ್ ಹಾಕಿದೆ. ಹನ್ನೊಂದು ದಿನವಾಯಿತು. ನೀಲಿ ಟಿಕ್ ಬಂದಿದೆ, ಬ್ಲಾಕಿನ ಫೋಟೋ ಬಂದಿಲ್ಲ.