ಆಮೆ ಸತ್ತಿದೆ ಅನ್ನಿಸಿದರೆ ಮೊದಲು ಸಲಿಕೆ ಹುಡುಕಬೇಡಿ

ಜನವರಿಯ ಒಂದು ಮುಂಜಾನೆ ಆರೂವರೆಗೆ ಎದ್ದು ನೋಡಿದರೆ ನಮ್ಮ ಆಮೆ ಗುಂಡ ಟಬ್‌ನ ತಳದಲ್ಲಿ ಕೂತುಬಿಟ್ಟಿದ್ದ. ತಲೆ ಅರ್ಧ ಹೊರಗೆ, ಕಣ್ಣು ಮುಚ್ಚಿತ್ತು, ಮುಂಗಾಲೆರಡೂ ನೀರಲ್ಲಿ ಸಡಿಲಾಗಿ ಇಳಿಬಿದ್ದಿದ್ದವು. ಚಿಪ್ಪು ತಟ್ಟಿದೆ. ಎತ್ತಿ ಅಂಗಳದ ಪರಶಿ ಮೇಲೆ ಇಟ್ಟೆ. ಅಲುಗಲಿಲ್ಲ. "ಅಪ್ಪಾ, ಗುಂಡ ಮಲಗ್ಯಾನೇನು?" ಅಂತ ಮಗಳು ಕೇಳಿದಳು. "ವಾಸನಿ ಬರೋದ್ರಾಗ ನೆಲದಾಗ ಇಟ್ಟು ಬಾ," ಅಂದಳು ಅವ್ವ. ಎಂಟೂವರೆಗೆಲ್ಲ ಹಿತ್ತಲ ಬೇವಿನ ಗಿಡದ ಬುಡದಲ್ಲಿ ಹೂತು, ಸ್ನಾನ ಮಾಡಿ, ಆಫೀಸಿಗೆ ಹೊರಟಿದ್ದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಹಿಂದಿನ ದಿನ ಚೆನ್ನಾಗಿದ್ದ ಜೀವ ಹೀಗೆ ಹೇಗೆ ಹೋಯಿತು ಅಂತ ಒಂದೇ ಗುಂಗು. ಇಲ್ಲಿ ಕಲಬುರಗಿಯಲ್ಲಿ ನಮಗೆ ಗೊತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದೆ. "ದನ, ಎಮ್ಮಿ, ನಾಯಿ ನೋಡ್ತೀನ್ರಿ ಸರ್, ಆಮಿ ನೋಡಿಲ್ಲ," ಅಂದರು. ಸುಳ್ಳು ಹೇಳಲಿಲ್ಲವಲ್ಲ, ಅದೇ ದೊಡ್ಡದು. ಕೊನೆಗೆ ಬೀದರದಲ್ಲಿ ಪಶುವೈದ್ಯಕೀಯ ಓದುವ ಹುಡುಗನೊಬ್ಬ, ನನ್ನ ಗೆಳೆಯನ ತಮ್ಮ, ತನಗೆ ಗೊತ್ತಿದ್ದ ಒಬ್ಬ ಡಾಕ್ಟರ ಜೊತೆ ಮಾತಾಡಿಸಿದ. ನಾನು ಕಾರಣ ಕೇಳಬೇಕು ಅಂತಿದ್ದೆ. ಅವರೇ ಕೇಳತೊಡಗಿದರು.

"ರಾತ್ರಿ ನೀರು ಎಷ್ಟು ತಣ್ಣಗಿತ್ತು?"

ಕೈ ಇಟ್ಟರೆ ಜುಮ್ ಅನ್ನುವಷ್ಟು, ಅಂದೆ.

"ಹೀಟರ್ ಇತ್ತಾ? ಎತ್ತಿದಾಗ ಮೈ ಸೆಟೆದಿತ್ತಾ, ಮೆತ್ತಗಿತ್ತಾ? ಕಣ್ಣಿನ ರೆಪ್ಪೆ ಮುಟ್ಟಿ ನೋಡಿದ್ರಾ? ಕಾಲು ಎಳೆದು ಬಿಟ್ರೆ ಒಳಗ ಎಳಕೊಂತಾ? ಬಾಲದ ಹತ್ರ ಚಿವುಟಿದ್ರಾ?"

ಒಂದಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಆಮೇಲೆ ಅವರು ಹೇಳಿದ ಮಾತು ಬರೆಯಲು ಈಗಲೂ ಕೈ ತಡೆಯುತ್ತದೆ. ಆಮೆಯ ರಕ್ತಕ್ಕೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದಂತೆ ಅದರ ಉಸಿರು, ಎದೆಬಡಿತ ಎಲ್ಲ ನಿಧಾನವಾಗುತ್ತವೆ. ಗಟ್ಟಿ ತಂಡಿಯಲ್ಲಿ ಬದುಕಿದ್ದರೂ ಸತ್ತಂತೆ ಬಿದ್ದಿರಬಲ್ಲದು. ಅನುಮಾನ ಬಂದರೆ ನೀರಿನಿಂದ ತೆಗೆದು, ಒಣ ಬಟ್ಟೆಯ ಮೇಲಿಟ್ಟು, ಮನೆಯೊಳಗಿನ ಹದ ಬಿಸಿಗೆ ನಿಧಾನ ತರಬೇಕು. ಬಿಸಿನೀರಿಗೆ ಹಾಕಬಾರದು, ಬಿಸಿಲಿಗೂ ಎಸೆಯಬಾರದು. ಒಂದು ಇಡೀ ದಿನ ಕಾಯಬೇಕು. ಕಣ್ಣು ಗುಳಿಬಿದ್ದು, ಮೈ ಸೆಟೆದು, ವಾಸನೆ ಹೊರಟರೆ ಆಗ ಮಾತು ಬೇರೆ.

ನಾನು ಕಾದದ್ದು ಎರಡು ತಾಸು. ಅದರಲ್ಲಿ ಅರ್ಧ ತಾಸು ಸಲಿಕೆ ಹುಡುಕಿದ್ದು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನಿಂತು ವಾಪಸ್ ಬಂದೆ. ಎರಡನೇ ರಾತ್ರಿಯೂ ಹಾಗೇ. ಅಗೆದು ನೋಡಲು ಹೆದರಿಕೆ, ಅಗೆಯದೇ ಇರಲು ಅದಕ್ಕಿಂತ ಹೆದರಿಕೆ. ಮೂರನೇ ದಿನ ಮಗಳು ಶಾಲೆಗೆ ಹೋದ ಮೇಲೆ ಅಗೆದೆ. ಹೂಳುವಾಗ ಅವಳು ಚಿಪ್ಪಿನ ಮೇಲೆ ನಾಲ್ಕು ಚೆಂಡು ಹೂವಿನ ಎಸಳು ಇಟ್ಟಿದ್ದಳು. ಅವು ಇಟ್ಟಲ್ಲೇ ಅಂಟಿಕೊಂಡಿದ್ದವು. ಒಂದೂ ಸರಿದಿರಲಿಲ್ಲ. ಉಗುರಿನ ಸಂದಿಯಲ್ಲಿ ಮಣ್ಣಿರಲಿಲ್ಲ. ವಾಸನೆ ಇತ್ತು. ಅಂದರೆ ಹೂಳುವಾಗಲೇ ಜೀವ ಹೋಗಿತ್ತು ಅಂತ ನಂಬಿಕೊಂಡು ಅಲ್ಲೇ ಕುಸಿದು ಕೂತೆ. ಸತ್ತೇ ಹೋಗಿತ್ತಲ್ಲ ಅಂತ ಖುಷಿಪಡುವ ಗತಿ ಯಾರಿಗೂ ಬರಬಾರದು.

ಆದರೆ ಯಾಕೆ ಸತ್ತ ಅನ್ನುವುದು ಆ ಮಣ್ಣಲ್ಲೇ ಉಳಿಯಿತು. ಪೋಸ್ಟ್‌ಮಾರ್ಟಮ್ ಮಾಡಿಸಬಹುದಿತ್ತು. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಕಾಲೇಜಿನಲ್ಲಿ ರೋಗಶಾಸ್ತ್ರ ವಿಭಾಗವೂ ಇದೆ. ಮೊದಲು ಫೋನ್ ಮಾಡಿ, ತಗೊಳ್ತಾರಾ ಅಂತ ಕೇಳಿಕೊಂಡು ಒಯ್ಯಬಹುದಿತ್ತು. ಅದಕ್ಕೆ ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಡಬೇಕು, ಮೇಲಿನ ಫ್ರೀಜರ್‌ನಲ್ಲಿ ಅಲ್ಲ. ಮಂಜುಗಟ್ಟಿದರೆ ಒಳಗಿನ ಅಂಗಾಂಶ ಒಡೆದು, ಸೂಕ್ಷ್ಮದರ್ಶಕದಲ್ಲಿ ಏನೂ ನೆಟ್ಟಗೆ ಕಾಣುವುದಿಲ್ಲವಂತೆ. ಒಂದೆರಡು ದಿನದೊಳಗೆ ಮುಟ್ಟಿಸಬೇಕು. ಮೂರನೇ ದಿನ ಮಣ್ಣಿನಿಂದ ತೆಗೆದದ್ದು ಕೆಲಸಕ್ಕೆ ಬರಲಿಲ್ಲ. ಊಟದ ಫ್ರಿಜ್‌ನಲ್ಲಿ ಸತ್ತ ಆಮೆ ಇಡುವುದಾ ಅಂತ ಅವ್ವ ಕುಣಿದಾಡುತ್ತಿದ್ದಳು, ಅದು ಬೇರೆ.

ಈಗ ಗುಂಡ ಮನೆಗೆ ಬಂದ ಕತೆ. ಅವನು ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕುಂಕುಮದ ಗೆರೆ ಎಳೆದಂತೆ ಇರುತ್ತದಲ್ಲ, ಆ ಜಾತಿ. ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯ ಪ್ರಾಣಿ. ಕಲಬುರಗಿಯ ಒಂದು ಅಂಗಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಮರಿಗಳು ಒಂದು ತಟ್ಟೆಯಲ್ಲಿ ಒಂದರ ಮೇಲೊಂದು ಹತ್ತುತ್ತಿದ್ದವು. "ಇದ್ಕ ಏನೂ ಹತ್ತಂಗಿಲ್ರಿ ಸರ್. ನೀರ್ ಇದ್ರ ಸಾಕು. ಇಷ್ಟೇ ಇರ್ತದ, ಬೆಳ್ಯಂಗಿಲ್ಲ. ಉತ್ತರಕ್ಕ ಮುಖ ಮಾಡಿ ಇಡ್ರಿ, ರೊಕ್ಕ ನಿಲ್ತದ." 400 ರೂಪಾಯಿ ಕೊಟ್ಟೆ. ಆ ನಾಲ್ಕು ಮಾತಿನಲ್ಲಿ ಒಂದೂ ನಿಜವಲ್ಲ. ರೊಕ್ಕದ ಮಾತು ನನ್ನ ಪಾಸ್‌ಬುಕ್ಕೇ ಹೇಳುತ್ತದೆ.

ಚೆನ್ನಾಗಿ ಸಾಕಿದರೆ ಹೆಣ್ಣಿನ ಚಿಪ್ಪು 25ರಿಂದ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ನೀರು 25 ಡಿಗ್ರಿ ಆಸುಪಾಸು ಇರಬೇಕು. ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ಅದರ ಮೇಲೆ 30–32 ಡಿಗ್ರಿಯ ಬಿಸಿ, ಜೊತೆಗೆ ಯುವಿಬಿ ಬೆಳಕು, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಬೇಕು. ಆ ಬೆಳಕಿಲ್ಲದೆ ಮೈಯಲ್ಲಿ ಡಿ3 ವಿಟಮಿನ್ ಆಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಹತ್ತುವುದಿಲ್ಲ. ಚಿಪ್ಪು, ಎಲುಬು ಮೆತ್ತಗಾಗುತ್ತವೆ. ನಾನು ಟಬ್ಬನ್ನು ಕಿಟಕಿಯ ಗಾಜಿನ ಹಿಂದೆ ಇಟ್ಟು, ಕಲಬುರಗಿ ಬಿಸಿಲಿಗೆ ಏನು ಕಡಿಮೆ ಅಂದುಕೊಂಡಿದ್ದೆ. ಕಿಟಕಿ ಗಾಜು ಯುವಿಬಿಯನ್ನು ಒಳಗೆ ಬಿಡುವುದೇ ಇಲ್ಲ. ಹಾಗಂತ ಏಪ್ರಿಲ್‌ನಲ್ಲಿ ಟಬ್ಬನ್ನು ಅಂಗಳಕ್ಕೆ ಎಳೆದಿದ್ದರೆ ಕಾದ ಶಹಾಬಾದ್ ಪರಶಿ ಮೇಲೆ ನೀರು ಕುದ್ದು ಅರ್ಧ ತಾಸಿನಲ್ಲಿ ಕತೆ ಮುಗಿಯುತ್ತಿತ್ತು. ನೆರಳಿಗೆ ಓಡಲು ಜಾಗವಿಲ್ಲದ ಟಬ್ ಅಂದರೆ ಬೋಗುಣಿಯೇ. ಮರಿಗೆ 400, ಸರಿಯಾದ ಬಲ್ಬ್, ಹೀಟರ್, ಫಿಲ್ಟರ್ ಎಲ್ಲ ಸೇರಿ ಅದರ ಹತ್ತುಪಟ್ಟು. ಅಂಗಡಿಯವ ಯಾಕೆ ಹೇಳುತ್ತಾನೆ?

ಈಗ ಹಿಂದೆ ತಿರುಗಿ ನೋಡಿದರೆ ಎಲ್ಲವೂ ಕಾರಣದಂತೆಯೇ ಕಾಣುತ್ತದೆ. ಸಾಯುವ ಮೂರು ವಾರ ಮೊದಲಿಂದ ತಿನ್ನುವುದು ಕಡಿಮೆ ಮಾಡಿದ್ದ. "ತಂಡಿಗೆ ತಿನ್ನಂಗಿಲ್ರಿ," ಅಂದ ಅಂಗಡಿಯವ. ರೆಪ್ಪೆ ಸ್ವಲ್ಪ ಊದಿತ್ತು. ಎರಡು ವರ್ಷ ಬರೀ ಒಣ ಸಿಗಡಿ ಹಾಕಿದ್ದೆವು. ಎ ವಿಟಮಿನ್ ಕೊರತೆಗೂ ಕಣ್ಣು ಹಾಗೆ ಊದುತ್ತದಂತೆ. ಹಿಂದಿನ ಸಂಜೆ ನಳದ ನೀರನ್ನು ಹಾಗೇ ಸುರಿದಿದ್ದೆ, ಅವತ್ತು ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅದೇ ಕೋಣೆಯಲ್ಲಿ ಜಿರಲೆಗೆ ಸ್ಪ್ರೇ ಹೊಡೆದಿದ್ದೆವು. ಇವುಗಳಲ್ಲಿ ಯಾವುದು, ಅಥವಾ ಎಲ್ಲ ಸೇರಿಯೋ, ಯಾರೂ ಹೇಳಲಾರರು. "ಆಮಿ ರೋಗ ಮುಚ್ಚಿಡ್ತದ್ರಿ," ಅಂದರು ಆ ಡಾಕ್ಟರು. "ಕಾಡಿನಾಗ ಬ್ಯಾನಿ ತೋರಿಸಿದ್ರ ಇನ್ನೊಂದು ಬಂದು ತಿಂತದ. ನಿಮಗ ಕಾಣೋ ಹೊತ್ತಿಗೆ ತಿಂಗಳಾಗಿರ್ತದ." ನಮಗೆ ‘ಇದ್ದಕ್ಕಿದ್ದಂತೆ’ ಆದದ್ದು ಅವನಿಗೆ ಹಾಗಿರಲಿಲ್ಲ. ಈ ಮಾತು ಸಮಾಧಾನವೋ ಚುಚ್ಚುವುದೋ, ದಿನಕ್ಕೊಂದು ಥರ ಅನ್ನಿಸುತ್ತದೆ.

ಸಮಾಧಾನ ಹೇಳುವವರೂ ಇರಲಿಲ್ಲ ಅನ್ನಿ. ನಾಯಿ ಸತ್ತರೆ ಓಣಿಯವರು ಒಂದು ಮಾತು ಕೇಳುತ್ತಾರೆ. ಆಫೀಸಿನಲ್ಲಿ ನಾನು ಮಂಕಾಗಿ ಕೂತದ್ದು ನೋಡಿ, "ಆಮಿ ಸತ್ತಿದ್ದಕ್ಕ ಇಷ್ಟೇನ್ರೀ?" ಅಂತ ನಕ್ಕರು. ಮಗಳು ಹದಿನೈದು ದಿನ ಟಬ್‌ನ ಜಾಗ ಸುತ್ತುಹಾಕಿ ಓಡಾಡಿದಳು. ನನ್ನಿಂದ ಅವನಿಗೆ ಹೀಗಾಯ್ತಾ ಅಂತ ಒಂದು ದಿನ ಕೇಳಿದಳು. ಹಿಂದಿನ ದಿನ ಊಟ ಹಾಕಿದ್ದು ಅವಳು. ನಿನ್ನಿಂದಲ್ಲ, ದೊಡ್ಡವರಾದ ನಾವು ಕೇಳಿ ತಿಳಕೊಳ್ಳಲಿಲ್ಲ ಅಂದೆ. ದೇವರು ಕರಕೊಂಡ ಅಂತ ಅವ್ವ ಹೇಳಿದ್ದಕ್ಕಿಂತ ಈ ಮಾತು ಅವಳಿಗೆ ಬೇಗ ತಿಳಿಯಿತು.

ಮನೆಯಲ್ಲಿ ಈಗಾಗಲೇ ಇದ್ದು ಸಾಕಲು ಆಗುತ್ತಿಲ್ಲ ಅನ್ನುವವರು ಶರಣಬಸವೇಶ್ವರ ಕೆರೆಗೆ ಒಯ್ದು ಬಿಡಬೇಡಿ. ಪುಣ್ಯದ ಕೆಲಸವಲ್ಲ ಅದು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ಕೆರೆಯ ಆಮೆಗಳ ಜಾಗ, ಊಟ ಎರಡನ್ನೂ ಕಸಿಯುತ್ತದೆ. "ಇದು ಬ್ಯಾಡಂದ್ರ ನಕ್ಷತ್ರದ್ದು ತರಿಸಿ ಕೊಡ್ತೀನಿ" ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಕ್ಷತ್ರ ಆಮೆ ಮನೆಯಲ್ಲಿ ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕಳೆದ ವಾರ ಅವ್ವ ಆ ಟಬ್ ತೆಗೆದು, ಜೋಳ ತೊಳೆಯಲು ಚೆನ್ನಾಗಿದೆ ಅಂದಳು. ಬೇಡ ಅಂದೆ. ಆಮೆಯ ಮೈಮೇಲೆ, ನೀರಲ್ಲಿ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಕಾಯಿಲೆ ಬಿದ್ದದ್ದಕ್ಕೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಲ್ಲಿಸಿದರು. ನಾವು ಎರಡು ವರ್ಷ ಆ ಟಬ್ಬನ್ನು ಅಡುಗೆಮನೆಯ ಸಿಂಕಿನಲ್ಲೇ ತೊಳೆದಿದ್ದೇವೆ. ಅವ್ವನಿಗೆ ಅದನ್ನು ಇನ್ನೂ ಹೇಳಿಲ್ಲ. ಟಬ್‌ಗೆ ತಳದಲ್ಲಿ ತೂತು ಹೊಡೆದು ಮಣ್ಣು ತುಂಬಿದೆ, ಮಗಳು ಚೆಂಡು ಹೂವಿನ ಬೀಜ ಹಾಕಿದ್ದಾಳೆ. ಇನ್ನೂ ಮೊಳೆತಿಲ್ಲ.