ದಿನವೊಂದರ ಆರು ರಾಗಗಳು: ‘ಕಾಲ್ ಆಫ್ ದಿ ವ್ಯಾಲಿ’ಯನ್ನು ಮರಳಿ ಕೇಳಿದಾಗ

ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ (ಬಿದಿರಿನ ಕೊಳಲು), ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಒಂದಾಗಿ ನುಡಿದಿರುವ ‘ಕಾಲ್ ಆಫ್ ದಿ ವ್ಯಾಲಿ’ 1967ರ ಧ್ವನಿಮುದ್ರಿಕೆ. ಇಷ್ಟು ಹಳೆಯ, ಇಷ್ಟೊಂದು ಮನೆಗಳಲ್ಲಿ ಈಗಾಗಲೇ ಇರುವ ಆಲ್ಬಮ್ಮಿಗೆ ಇಂದು ವಿಮರ್ಶೆಯ ಅಗತ್ಯವೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೆಲಸ ಮುಗಿಸಿ ಬಂದ ಮೇಲೆ ಹವ್ಯಾಸಕ್ಕೆಂದು ಹೊಸ ಆಲ್ಬಮ್ಮುಗಳ ಬಗ್ಗೆ ಬರೆಯುವ ನಾನು, ನನ್ನ ಕೇಳುವ ಕ್ರಮ ಎಲ್ಲಿಯಾದರೂ ಸಡಿಲಗೊಂಡಿದೆಯೇ ಎಂದು ಪರೀಕ್ಷಿಸಿಕೊಳ್ಳಲು ವರ್ಷಕ್ಕೊಮ್ಮೆ ತೀರ ಪರಿಚಿತವಾದ ಒಂದು ಕೃತಿಯನ್ನು ಆರಿಸಿಕೊಂಡು, ಅದು ಇಂದೇ ಕೈಗೆ ಬಂದಿದೆಯೆಂಬಂತೆ ಕೇಳುತ್ತೇನೆ. ಈ ಸಲ ಸರದಿ ಇದರದು.

ಮೊದಲ ಸಲ ಕೇಳುವಾಗ ನಾನು ಕೈಯಲ್ಲಿ ಪೆನ್ನು ಹಿಡಿಯುವುದಿಲ್ಲ, ಮುದ್ರಿಕೆಯ ರಟ್ಟಿನ ಹಿಂಬದಿಯನ್ನೂ ಓದುವುದಿಲ್ಲ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡುತ್ತೇನೆ. ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಕೊಟ್ಟ ಅನುಕ್ರಮದಲ್ಲೇ, ಎದ್ದು ಹೋಗದೆ ಕೇಳಬೇಕು ಎಂಬುದೊಂದೇ ಆಗಿನ ನಿಯಮ. ಬೇರೆ ಆಲ್ಬಮ್ಮುಗಳಲ್ಲಿ ಇದು ಶಿಸ್ತಿನ ಮಾತಾದರೆ, ಇಲ್ಲಿ ಕೃತಿಯ ಅರ್ಥವೇ ಅನುಕ್ರಮದಲ್ಲಿದೆ. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಇದು ರಾಗಗಳ ಮೂಲಕ ಹೇಳುತ್ತದೆ: ಬೆಳಗಿಗೆ ಅಹಿರ್ ಭೈರವ್ ಮತ್ತು ನಟ್ ಭೈರವ್, ಹೊತ್ತೇರಿದ ಮೇಲೆ ಪೀಲೂ, ಸಂಜೆಗೆ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ಪ್ರತಿ ರಾಗಕ್ಕೂ ದಿನದ ಒಂದು ಹೊತ್ತನ್ನು ಗೊತ್ತುಮಾಡುವ ಹಿಂದುಸ್ತಾನಿ ಪದ್ಧತಿಯ ರಾಗ-ಸಮಯದ ಸಂಬಂಧವನ್ನೇ ಕಥೆಯ ಎಳೆಯಾಗಿಸಿಕೊಂಡಿರುವ ಈ ಮುದ್ರಿಕೆಯನ್ನು ಮೊಬೈಲಿನ ಆ್ಯಪ್ ಹಿಂದುಮುಂದಾಗಿ ನುಡಿಸಿದರೆ, ಕುರುಬನು ರಾತ್ರಿ ಮಂದೆಯನ್ನು ಹಟ್ಟಿಗೆ ಸೇರಿಸಿದ ಮೇಲೆ ಅವನಿಗೆ ಬೆಳಗಾಗುತ್ತದೆ. ನನ್ನ ಮನೆಯಲ್ಲಿ ಒಮ್ಮೆ ಹಾಗೆಯೇ ಆಯಿತು. ಪಹಾಡಿ ಮುಗಿದ ಮರುಕ್ಷಣ ಪೀಲೂ ಶುರುವಾದಾಗ ಕೇಳುವುದನ್ನು ಅಲ್ಲಿಗೇ ನಿಲ್ಲಿಸಿ, ಮರುದಿನ ಮತ್ತೆ ಮೊದಲಿನಿಂದ ಕುಳಿತೆ.

ಎರಡನೆಯ ಸಲಕ್ಕೆ ಟಿಪ್ಪಣಿ ಪುಸ್ತಕ ಹೊರಬರುತ್ತದೆ. ಎಡಗಡೆ ನಿಮಿಷ-ಸೆಕೆಂಡು, ಬಲಗಡೆ ಕೇಳಿಸಿದ್ದು. ಅಭಿಪ್ರಾಯಕ್ಕೆ ಆ ಪುಟದಲ್ಲಿ ಜಾಗವಿಲ್ಲ. ಪಕ್ಕದಲ್ಲಿ ಹಳೆಯದೊಂದು ಹಾರ್ಮೋನಿಯಂ ಇರುತ್ತದೆ, ಆಧಾರ ಸ್ವರವಾದ ಷಡ್ಜವನ್ನು ಹುಡುಕಿ ಒತ್ತಿಟ್ಟುಕೊಂಡರೆ ಉಳಿದ ಸ್ವರಗಳನ್ನು ನನ್ನಂಥ ಅರೆಕಲಿತವನೂ ಸಾವಕಾಶವಾಗಿ ಗುರುತಿಸಬಹುದು. ಬಾಲ್ಯದಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿದ್ದರಿಂದ ನನ್ನ ಕಿವಿ ಮೊದಲು ಆ ಕಡೆಗೇ ಓಡುತ್ತದೆ: ಅಹಿರ್ ಭೈರವದ ಸ್ವರಗಳು ನಮ್ಮ ಚಕ್ರವಾಕದವು, ನಟ್ ಭೈರವದವು ಸರಸಾಂಗಿಯವು, ಭೂಪ್ ಮೋಹನದ ಐದು ಸ್ವರಗಳನ್ನೇ ಉಳ್ಳದ್ದು. ಸ್ವರಗಳು ಒಂದೇ ಆದರೂ ನಡೆ ಬೇರೆ ಎಂಬ ಎಚ್ಚರ ತಪ್ಪಿದರೆ ವಿಮರ್ಶೆ ಹಳ್ಳ ಹಿಡಿಯುತ್ತದೆ.

ಮೊದಲ ತುಣುಕಿನ ವಿಷಯದಲ್ಲಿ ನನ್ನದು ಹಾಗೆಯೇ ಹಳ್ಳ ಹಿಡಿಯುವುದರಲ್ಲಿತ್ತು. ಹನ್ನೆರಡು ನಿಮಿಷಗಳಷ್ಟು ಉದ್ದದ, ಇಡೀ ಆಲ್ಬಮ್ಮಿನಲ್ಲೇ ಅತ್ಯಂತ ವಿಸ್ತಾರವಾದ ಆ ಭಾಗದ ಬಗ್ಗೆ ಬಹಳ ವರ್ಷಗಳ ಹಿಂದೆ ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ ‘ಒಂದೇ ರಾಗ, ಲಯ ಮಾತ್ರ ಬದಲು’ ಎಂದಿತ್ತು. ಈ ಸಲ ಹಾರ್ಮೋನಿಯಂ ಇಟ್ಟುಕೊಂಡು ಕೂತಾಗಲೇ ತಪ್ಪು ಬಯಲಾದದ್ದು. ಗಾಂಧಾರ, ಮಧ್ಯಮ, ಪಂಚಮಗಳು ಇದ್ದಲ್ಲೇ ಇರುತ್ತವೆ. ಆದರೆ ಅಹಿರ್ ಭೈರವದಿಂದ ನಟ್ ಭೈರವಕ್ಕೆ ಹೊರಳುವಾಗ ರಿಷಭವೂ ನಿಷಾದವೂ ಕೋಮಲದಿಂದ, ಅಂದರೆ ತಗ್ಗಿನ ಸ್ಥಾನದಿಂದ, ಶುದ್ಧಕ್ಕೆ ಏರುತ್ತವೆ, ಧೈವತ ಮಾತ್ರ ಶುದ್ಧದಿಂದ ಕೋಮಲಕ್ಕೆ ಇಳಿಯುತ್ತದೆ. ಮೂರು ಸ್ವರಗಳು ಜಾಗ ಬದಲಿಸಿದ್ದು ಆಗ ಕಿವಿಗೆ ತಿಳಿದಿರಲಿಲ್ಲ, ಆದರೆ ‘ಈಗ ಬಿಸಿಲು ಬಂತು’ ಎಂದು ಮನಸ್ಸಿಗೆ ಮಾತ್ರ ತಿಳಿದಿತ್ತು. ಟಿಪ್ಪಣಿಯ ಅಂಚಿನಲ್ಲಿ ಬಿಸಿಲು ಎಂಬ ಒಂದೇ ಪದ ಬರೆದಿಟ್ಟಿದ್ದೆ, ಅದು ಮಾತ್ರ ಸರಿಯಿತ್ತು.

ಸಂತೂರ್ ತಂತಿಯ ಮೇಲೆ ಸಣ್ಣ ಮರದ ಕಡ್ಡಿಗಳಿಂದ ಬಡಿದು ನುಡಿಸುವ ವಾದ್ಯ. ಬಡಿದ ಸ್ವರವನ್ನು ಇನ್ನೊಂದಕ್ಕೆ ಎಳೆದು ಸೇರಿಸುವ ಮೀಂಡ್ ಅದಕ್ಕೆ ಸಹಜವಾಗಿ ಒದಗುವುದಿಲ್ಲವೆಂಬ ಕಾರಣಕ್ಕೇ ಕಾಶ್ಮೀರದ ಸೂಫಿಯಾನಾ ಸಂಗೀತದಿಂದ ಅದನ್ನು ರಾಗಸಂಗೀತದ ವೇದಿಕೆಗೆ ತಂದ ಶರ್ಮಾ ಅವರು ಬಹಳ ಟೀಕೆ ಎದುರಿಸಬೇಕಾಯಿತು. ಇಲ್ಲಿ ಅದರ ಪಕ್ಕದಲ್ಲಿ ಕಾಬ್ರಾ ಅವರ ಗಿಟಾರನ್ನು ಇಟ್ಟಿರುವುದು ನನ್ನ ದೃಷ್ಟಿಯಲ್ಲಿ ಈ ಆಲ್ಬಮ್ಮಿನ ದೊಡ್ಡ ಜಾಣತನ. ಅಡ್ಡಲಾಗಿ ಇಟ್ಟು, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸುತ್ತ ನುಡಿಸುವ ಆ ಗಿಟಾರಿಗೆ ಮೀಂಡೇ ಜೀವಾಳ. ಸಂತೂರಿನ ನಾದ ಹನಿಹನಿಯಾಗಿ ಬಿದ್ದು ಅಡಗುವಷ್ಟರಲ್ಲಿ ಗಿಟಾರ್ ಆ ಹನಿಗಳನ್ನು ದಾರದಲ್ಲಿ ಪೋಣಿಸಿದಂತೆ ಎಳೆದುಕೊಂಡು ಹೋಗುತ್ತದೆ. ಕೊಳಲಿಗೆ ಇವೆರಡಕ್ಕೂ ಇಲ್ಲದ ಉಸಿರು ಇದೆ. ಹೀಗೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳದೆ ತುಂಬಿಕೊಡುವುದನ್ನು ಕೇಳುತ್ತ ಕೂತರೆ, ಪೈಪೋಟಿಗೆ ಬಿದ್ದ ಜುಗಲ್‌ಬಂದಿಗಳ ಚಪ್ಪಾಳೆ ಗಿಟ್ಟಿಸುವ ಸವಾಲ್-ಜವಾಬ್ (ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವ ಆಟ) ನನಗೆ ಸಾಕೆನಿಸುತ್ತದೆ. ಕಾಬ್ರಾ ಅವರ ಹೆಸರು ಉಳಿದಿಬ್ಬರಷ್ಟು ಮನೆಮಾತಾಗದೆ ಹೋದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಮೂರನೆಯ ಸಲ ತಾಳಕ್ಕೆ ಮೀಸಲು. ಭೂಪ್ ಇರುವುದು ಝಪ್‌ತಾಲದಲ್ಲಿ, ಅಂದರೆ 2-3-2-3ರಂತೆ ಹತ್ತು ಮಾತ್ರೆ (ತಾಳದ ಎಣಿಕೆ). ಐದೆಣಿಕೆಯ ನಮ್ಮ ಖಂಡಚಾಪನ್ನು ಎರಡು ಸಲ ಹಾಕಿದರೆ ಲೆಕ್ಕವೇನೋ ಕೂಡುತ್ತದೆ, ಆದರೆ ಆರನೆಯ ಮಾತ್ರೆಯ ಖಾಲಿ (ಪೆಟ್ಟಿಲ್ಲದ ಎಣಿಕೆ) ಕೈತಪ್ಪಿ, ಆವರ್ತದ ಮೊದಲ ಮಾತ್ರೆಯಾದ ಸಮ್ ಎಲ್ಲಿ ಬಂತೆಂದು ತಡಕಾಡಬೇಕಾಗುತ್ತದೆ. ತೊಡೆಯ ಮೇಲೆ ಬೆರಳಿಟ್ಟು ನಾಲ್ಕಾರು ಆವರ್ತ ತಪ್ಪಿದ ಮೇಲೆ ಕೂತ ಲೆಕ್ಕವದು.

ಉಪಕರಣ ಬದಲಿಸಿ ಕೇಳುವುದು ನಾಲ್ಕನೆಯ ಹಂತ. ಹೆಡ್‌ಫೋನಿನಲ್ಲಿ ಸಂತೂರಿನ ಮೊದಲ ಏಟಿನ ಚೂಪು ಸ್ವಲ್ಪ ಹೆಚ್ಚಾಗಿಯೇ ಕೇಳುತ್ತದೆ, ಮರದ ಪೆಟ್ಟಿಗೆಯ ಹಳೆಯ ಸ್ಪೀಕರಿನಲ್ಲಿ ಅದು ಹದಕ್ಕೆ ಬರುತ್ತದೆ, ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ತಬಲಾದ ಡಗ್ಗಾ (ಎಡಗೈಯ ಮಂದ್ರ ಧ್ವನಿಯ ಭಾಗ) ಇದೆಯೋ ಇಲ್ಲವೋ ಎಂಬಂತೆ ಮಾಯವಾಗುತ್ತದೆ. ಎಲ್‌ಪಿಯಲ್ಲೂ ಕೇಳೋಣವೆಂದು ಹಳೆಯ ರೆಕಾರ್ಡುಗಳ ಅಂಗಡಿಯೊಂದರಿಂದ ತಂದ ಪ್ರತಿ, ‘ಒಂದು ಗೀರೂ ಇಲ್ಲ ಸಾರ್’ ಎಂಬ ಭರವಸೆಯ ಹೊರತಾಗಿಯೂ, ದೇಸ್ ಬರುವ ಹೊತ್ತಿಗೆ ಒಂದೇ ಪಲುಕನ್ನು ಮತ್ತೆ ಮತ್ತೆ ನುಡಿಯತೊಡಗಿತು. ಸೂಜಿಯನ್ನು ಕೈಯಿಂದ ಎತ್ತಿ ಮುಂದಿಡುವವರೆಗೂ ಕುರುಬನ ರಾತ್ರಿ ಕದಲಲಿಲ್ಲ. ಆದ್ದರಿಂದ ಎಲ್‌ಪಿಯ ಧ್ವನಿಯ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ.

ದೋಷಗಳಿಲ್ಲವೆಂದಲ್ಲ. ಇಡೀ ದಿನವನ್ನು ಸುಮಾರು 40 ನಿಮಿಷಗಳಲ್ಲಿ ಮುಗಿಸಬೇಕಾದ ಕಾರಣ, ಮೊದಲ ತುಣುಕಿಗೆ ಸಿಕ್ಕ ಬಿಡುವು ಉಳಿದವಕ್ಕೆ ಸಿಗುವುದಿಲ್ಲ. ಭೂಪದಂಥ ಗಂಭೀರ ರಾಗ ಆರೇಳು ನಿಮಿಷಗಳಲ್ಲಿ ಬಾಗಿಲು ತೆರೆದು ನೋಡಿ ಹಿಂದಿರುಗಿದಂತೆ ಮುಗಿಯುತ್ತದೆ. ಕಛೇರಿಯಲ್ಲಿ ಒಂದು ಗಂಟೆಯ ಆಲಾಪಕ್ಕೆ ಒಗ್ಗಿದ ರಸಿಕರು ಇದನ್ನು ಲಘು ಸಂಗೀತವೆಂದು ಪಕ್ಕಕ್ಕಿಟ್ಟರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಪಹಾಡಿಯಂಥ, ಧುನ್ ಎಂಬ ಹಗುರ ರಚನೆಗೆ ಹೊಂದುವ ರಾಗಕ್ಕೆ ಮಾತ್ರ ಈ ಅಳತೆ ಮೈಗೆ ಹೊಲಿಸಿದ ಅಂಗಿಯಂತಿದೆ.

ಐದನೆಯದಾಗಿ, ವಾರದ ಬಿಡುವಿನ ನಂತರ ಪೆನ್ನಿಲ್ಲದೆ ಇನ್ನೊಮ್ಮೆ ಕೇಳಿ, ಅದೇ ರಾತ್ರಿ ಬರೆಯಲು ಕೂರುತ್ತೇನೆ. ಬರೆದುದರಲ್ಲಿ ‘ಅದ್ಭುತ’, ‘ಮಾಂತ್ರಿಕ’ ಎಂಬ ಪದಗಳಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ಏನು ಕೇಳಿಸಿತೆಂದು ಬರೆಯಲು ಪ್ರಯತ್ನಿಸುತ್ತೇನೆ. ಬರೆಯಲು ಏನೂ ಸಿಗದಿದ್ದರೆ ಆ ವಾಕ್ಯವನ್ನೇ ಬಿಡುತ್ತೇನೆ. ನಕ್ಷತ್ರಗಳನ್ನು ಕೊಡುವ ಪದ್ಧತಿ ನನ್ನಲ್ಲಿಲ್ಲ. ಹೊಸದಾಗಿ ಕೇಳುವವರಿಗೆ ಒಂದು ಸೂಚನೆ ಮಾತ್ರ ಇದೆ: ಮುಂದೆ ಬಂದ ಸಿಡಿ ಆವೃತ್ತಿಯಲ್ಲಿ ಮೂಲ ಮುದ್ರಿಕೆಯಲ್ಲಿಲ್ಲದ ತುಣುಕುಗಳನ್ನೂ ಸೇರಿಸಲಾಗಿದೆ, ಅವು ಬೇರೆ ದಿನ ಕೇಳಲು ಚೆನ್ನಾಗಿವೆ. ಮೊದಲ ಸಲ ಕೇಳುವಾಗ ಪಹಾಡಿ ಮುಗಿದ ಕೂಡಲೇ ಯಂತ್ರವನ್ನು ಆರಿಸಿಬಿಡಿ.