ಡಿಸ್ಪರ್ಷನ್ ಕ್ಯಾಲ್ಕುಲೇಟರ್: ತೋಟದ ಜಿಐ ಪೈಪಿಗೆ ಎಷ್ಟು ಉಪಯೋಗ?

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ-ಮಾರ್ಚ್‌ನಲ್ಲಿ, ಕೆರೆಯಿಂದ ಬರೆಯ ಮೇಲಕ್ಕೆ ಹೂತಿಟ್ಟ ಜಿಐ ಲೈನು ಎಲ್ಲಿ ತುಕ್ಕು ಹಿಡಿದಿದೆ ಎಂದು ಉದ್ದಕ್ಕೂ ಅಗೆಯದೆ ತಿಳಿಯಬೇಕಾದರೆ ಗೈಡೆಡ್ ವೇವ್ ತಪಾಸಣೆ ಒಂದು ದಾರಿ. ಪೈಪಿನ ಸುತ್ತ ಸೆನ್ಸರ್ ಪಟ್ಟಿ ಕಟ್ಟಿ, ಗೋಡೆಯುದ್ದಕ್ಕೂ ಅಲ್ಟ್ರಾಸಾನಿಕ್ ಅಲೆ ಓಡಿಸಿ, ಮರಳುವ ಪ್ರತಿಧ್ವನಿ ನೋಡುತ್ತಾರೆ. ಯಾವ ಅಲೆ ಯಾವ ವೇಗದಲ್ಲಿ ಓಡುತ್ತದೆಂಬ ಲೆಕ್ಕ ಅದಕ್ಕೂ ಮೊದಲು ಬೇಕು. ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್‌ಆರ್‌ನಲ್ಲಿ ರೂಪುಗೊಂಡ ಡಿಸ್ಪರ್ಷನ್ ಕ್ಯಾಲ್ಕುಲೇಟರ್ ಆ ಲೆಕ್ಕ ಮಾಡಿಕೊಡುತ್ತದೆ. ಇದು ಉಚಿತ, ಮುಕ್ತ ತಂತ್ರಾಂಶ. ಪ್ಲೇಟುಗಳಿಗೆಂದು ಶುರುವಾಗಿ ಈಗ ಸರಳು, ಪೈಪುಗಳನ್ನೂ ಒಳಗೊಂಡಿದೆ. ಮ್ಯಾಟ್‌ಲ್ಯಾಬ್ ಎಂಬ ದುಡ್ಡಿನ ಗಣಿತ ತಂತ್ರಾಂಶದ ಲೈಸೆನ್ಸ್ ಬೇಕಿಲ್ಲ, ಉಚಿತ ರನ್‌ಟೈಮ್ ಸಾಕು. ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣುವುದಿಲ್ಲ.

ತಪ್ಪು ಹೆಚ್ಚಾಗಿ ಆಗುವುದು ಮೊದಲ ಅಂಕಿಯಲ್ಲೇ. 4 ಇಂಚಿನ ಪೈಪಿನ ಹೊರವ್ಯಾಸ 100 ಮಿ.ಮೀ. ಅಲ್ಲ, 114.3 ಮಿ.ಮೀ.; ಮೀಡಿಯಂ ಕ್ಲಾಸಿನ ಗೋಡೆ ದಪ್ಪ 4.5 ಮಿ.ಮೀ. ಉಕ್ಕಿಗೆ ಸಾಂದ್ರತೆ 7850 ಕೆ.ಜಿ./ಘನ ಮೀಟರ್, ಲಾಂಗಿಟ್ಯೂಡಿನಲ್ (ಒತ್ತುತ್ತ ಸಾಗುವ ಅಲೆಯ) ವೇಗ 5960, ಶಿಯರ್ (ಅಡ್ಡಕ್ಕೆ ಜಾರಿಸುತ್ತ ಸಾಗುವ ಅಲೆಯ) ವೇಗ 3260 ಮೀ/ಸೆ. ಕೊಡಿ. ಉತ್ತರದ ವೇಗ ಮೀಟರ್ ಪ್ರತಿ ಮಿಲಿಸೆಕೆಂಡಿನಲ್ಲಿ ಬರುತ್ತದೆ, 3.26 ಎಂದು ಕಂಡರೆ ಗಾಬರಿ ಬೇಡ.

ಉತ್ತರ ಬರುವುದು ಫ್ರೀಕ್ವೆನ್ಸಿಗೆ ತಕ್ಕ ವೇಗ ತೋರಿಸುವ ಗೆರೆಗಳಾಗಿ. ಟಿ ಅಂದರೆ ಪೈಪನ್ನು ತಿರುಚುವ ಅಲೆ, ಎಲ್ ಅಂದರೆ ಉದ್ದಕ್ಕೆ ಹಿಗ್ಗಿ ಕುಗ್ಗುವ ಅಲೆ; ಆವರಣದ ಅಂಕಿಗಳು ಆಯಾ ಅಲೆಯ ಗುರುತು. ಮೊದಲು ಟಿ(0,1) ನೋಡಿ. ಗೆರೆ ಎಲ್ಲ ಫ್ರೀಕ್ವೆನ್ಸಿಯಲ್ಲೂ 3260ರಲ್ಲಿ ನೇರವಾಗಿರಬೇಕು. ಟಿ(0,2) ಹುಟ್ಟುವುದು ಸುಮಾರು 362 ಕಿಲೋಹರ್ಟ್ಸ್‌ನಲ್ಲಿ, ಎಲ್(0,2) ಸುಮಾರು 16ರಲ್ಲಿ. ಈ ಮೂರೂ ಕೈಲೆಕ್ಕಕ್ಕೆ ಹೊಂದದಿದ್ದರೆ ವ್ಯಾಸ, ದಪ್ಪ ಅಥವಾ ಉಕ್ಕಿಗೆ ಕೊಟ್ಟ ವೇಗ ತಪ್ಪಿದೆ. ಒಳಗೆ ನೀರು ಸೇರಿಸಿದರೆ ಎಲ್ ಕುಟುಂಬದಲ್ಲಿ ಹೊಸ ಗೆರೆಗಳು ಮುತ್ತಿಕೊಳ್ಳುತ್ತವೆ, ಟಿ(0,1) ಮಾತ್ರ ಅಲ್ಲಾಡುವುದಿಲ್ಲ. ನೀರು ತುಂಬಿದ ಲೈನಿಗೆ ತಿರುಚುವ ಅಲೆಯನ್ನೇ ಆರಿಸುವುದು ಅದಕ್ಕೇ.

ಫ್ಲೆಕ್ಸುರಲ್ ಅಂದರೆ ಪೈಪನ್ನು ಬಾಗಿಸುವ ಅಲೆಗಳ (ಎಫ್) ಗೆರೆಗಳನ್ನು ಬಿಟ್ಟುಬಿಡುವವರು ಬಹಳ, ನಿಜವಾದ ಲಾಭ ಇರುವುದು ಅಲ್ಲೇ. ಪೈಪಿನ ಒಂದೇ ಬದಿ ತುಕ್ಕು ಹಿಡಿದಿದ್ದರೆ ಟಿ(0,1)ರ ಪ್ರತಿಧ್ವನಿಯ ಜೊತೆ ಎಫ್(1,2) ಕೂಡ ಬರುತ್ತದೆ. ಸುತ್ತಲೂ ಸಮನಾದ ವೆಲ್ಡಿನಿಂದ ಅದು ಹೆಚ್ಚುಕಡಿಮೆ ಬರುವುದಿಲ್ಲ. ಎಫ್(4,2) ಸುಮಾರು 38, ಎಫ್(5,2) ಸುಮಾರು 47 ಕಿಲೋಹರ್ಟ್ಸ್‌ನಲ್ಲಿ ಹುಟ್ಟುತ್ತವೆ. 38ರ ಮೇಲೇ ಕೂತು ಅಳೆದರೆ ಗೊಂದಲ. 33 ಅಥವಾ 43 ವಾಸಿ.

ಹೂತ ಪೈಪಿಗೆ ಬಂದಾಗ ಎಚ್ಚರ ಬೇಕು. ಹೊರಗಿನ ಮಾಧ್ಯಮವಾಗಿ ದ್ರವ ಸೇರಿಸಬಹುದೆಂದು ಮಣ್ಣನ್ನೂ ದ್ರವವಾಗಿ ಕೊಟ್ಟರೆ ಟಿ(0,1) ಒಂದಿಷ್ಟೂ ಕುಗ್ಗದೆ ಓಡಿದಂತೆ ಕಾಣುತ್ತದೆ. ಮಣ್ಣು ಶಿಯರ್ ಹೊರುವ ಘನ, ಶಕ್ತಿ ಸೋರುವುದೇ ಆ ದಾರಿಯಲ್ಲಿ. ಇದನ್ನು ಕೈಯಲ್ಲೇ ಅಂದಾಜಿಸಿ: ಮಣ್ಣಿನ ಸಾಂದ್ರತೆಯನ್ನು ಅದರ ಶಿಯರ್ ವೇಗದಿಂದ ಗುಣಿಸಿ, ಉಕ್ಕಿನ ಸಾಂದ್ರತೆ, ಶಿಯರ್ ವೇಗ, ಮೀಟರಿನಲ್ಲಿ ಗೋಡೆ ದಪ್ಪ, ಈ ಮೂರರ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ, ಬಂದದ್ದನ್ನು 8.686ರಿಂದ ಗುಣಿಸಿದರೆ ಮೀಟರಿಗೆ ಇಷ್ಟು ಡೆಸಿಬೆಲ್ ಎಂದು ಸಿಗುತ್ತದೆ. ಪೈಪಿಗೆ ಬಿಗಿಯಾಗಿ ಅಂಟಿದ, 1800 ಸಾಂದ್ರತೆ, 100 ಮೀ/ಸೆ. ವೇಗದ ಮಣ್ಣಿಗೆ ಅದು ಸುಮಾರು 6.8. ಹೋಗಿ ಬರುವುದು ಸೇರಿ ಮೀಟರಿಗೆ 13.6. ಉಪಕರಣ 40 ಡೆಸಿಬೆಲ್ ನಷ್ಟ ತಾಳಿದರೆ, ಸೆನ್ಸರ್ ಪಟ್ಟಿ ಕಟ್ಟಲು ತೆಗೆದ ಒಂದು ಗುಂಡಿಯಿಂದ ಎರಡೂ ಕಡೆ ಸುಮಾರು 3 ಮೀಟರ್ ಕಾಣುತ್ತದೆ, ಅಷ್ಟೇ. ಜಿಐ ಲೈನಿನಲ್ಲಿ ಸಾಮಾನ್ಯವಾಗಿ 6 ಮೀಟರಿಗೊಂದು ಥ್ರೆಡ್ ಸಾಕೆಟ್ ಇರುತ್ತದೆ. ಅಲೆ ಅದನ್ನು ದಾಟುವಾಗ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಗುಂಡಿಯನ್ನು ಪ್ರತಿ ಪೈಪಿನ ನಡುಮಧ್ಯಕ್ಕೆ ತೆಗೆಯಿರಿ, ಎರಡೂ ತುದಿಯ ಸಾಕೆಟ್ ಒಂದೇ ಅಳತೆಯಲ್ಲಿ ಸಿಗುತ್ತವೆ.